ಬಣ್ಣದ ಅಂಚನ್ನು ಅಳಿಸಿದವರಾರು?

ಅಗ್ಗದ ದೂರದರ್ಶಕದಲ್ಲಿ ಚಂದ್ರನನ್ನು ನೋಡಿದವರಿಗೆ ಅದರ ಅಂಚಿನಲ್ಲಿ ತೆಳುವಾದ ನೇರಳೆ ಗೆರೆಯೊಂದು ಕಂಡಿರಬಹುದು. ಆ ಬಣ್ಣ ಚಂದ್ರನದಲ್ಲ, ಗಾಜಿನದು. ಮಸೂರವು ನೀಲಿ ಬೆಳಕನ್ನು ಹೆಚ್ಚು, ಕೆಂಪನ್ನು ಕಡಿಮೆ ಬಾಗಿಸುತ್ತದೆ. ಎಲ್ಲ ಬಣ್ಣಗಳೂ ಒಂದೇ ಬಿಂದುವಿನಲ್ಲಿ ಕೂಡುವುದಿಲ್ಲ. ಹದಿನೇಳನೆಯ ಶತಮಾನದವರು ಇದಕ್ಕೆ ಕಂಡುಕೊಂಡ ಉಪಾಯ ದೂರದರ್ಶಕವನ್ನು ಉದ್ದ ಮಾಡುವುದು. ಡಾನ್‌ಜಿಗ್‌ನ ಹೆವೀಲಿಯಸ್ 150 ಅಡಿ ಉದ್ದದ ದೂರದರ್ಶಕವನ್ನು ಕಂಬಕ್ಕೆ ಹಗ್ಗಗಳಿಂದ ತೂಗುಹಾಕಿದ್ದ. ಗಾಳಿ ಬೀಸಿದರೆ ನಕ್ಷತ್ರವೂ ಜೋಕಾಲಿಯಾಡಬೇಕು!

ಈ ದೋಷಕ್ಕೆ ಮದ್ದಿಲ್ಲವೆಂದು ಬಗೆದ ನ್ಯೂಟನ್ 1668ರಲ್ಲಿ ಕನ್ನಡಿಯ ದೂರದರ್ಶಕ ಮಾಡಿದ. ಅವನ ಮಾತಿಗಿದ್ದ ತೂಕದಿಂದಾಗಿ ದಶಕಗಳ ಕಾಲ ಹೆಚ್ಚಿನವರು ಮಸೂರವನ್ನು ತಿದ್ದುವ ಗೋಜಿಗೇ ಹೋಗಲಿಲ್ಲ.

ಹೋದವನು ಚೆಸ್ಟರ್ ಮೂರ್ ಹಾಲ್ ಎಂಬ ಇಂಗ್ಲಿಷ್ ವಕೀಲ. ಕಾಲ 1730ರ ಆಸುಪಾಸು. ಸೀಸ ಬೆರೆತ ಫ್ಲಿಂಟ್ ಗಾಜು, ಸಾಧಾರಣ ಕ್ರೌನ್ ಗಾಜಿಗಿಂತ ಬಣ್ಣಗಳನ್ನು ಹೆಚ್ಚು ಚದುರಿಸುತ್ತದೆ. ಹಾಗಾಗಿ ಕ್ರೌನ್ ಗಾಜಿನ ಪೀನ ಮಸೂರಕ್ಕೆ ಫ್ಲಿಂಟ್ ಗಾಜಿನ ದುರ್ಬಲ ನಿಮ್ನ ಮಸೂರವೊಂದನ್ನು ಜೋಡಿಸಿದರೆ, ಬಣ್ಣಗಳ ಚದುರುವಿಕೆ ಬಹುಮಟ್ಟಿಗೆ ವಜಾ ಆಗಿ, ಬೆಳಕು ಬಾಗುವುದು ಮಾತ್ರ ಉಳಿಯುತ್ತದೆ. ಗುಟ್ಟು ಹೊರಬೀಳದಿರಲೆಂದು ಹಾಲ್ ಎರಡು ಮಸೂರಗಳನ್ನು ಎರಡು ಬೇರೆ ಅಂಗಡಿಗಳಿಗೆ ಹೇಳಿ ಮಾಡಿಸಲು ಹೊರಟ. ಆದರೆ ಎರಡೂ ಅಂಗಡಿಯವರು ಕೆಲಸವನ್ನು ವಹಿಸಿದ್ದು ಒಬ್ಬನೇ ಕುಶಲಕರ್ಮಿಗೆ, ಜಾರ್ಜ್ ಬಾಸ್‌ನಿಗೆ! ಎರಡೂ ಹಾಲ್‌ನವೇ ಎಂದು ತಿಳಿದು ಅವನು ಅವುಗಳನ್ನು ಜೋಡಿಸಿ ನೋಡಿದನಂತೆ.

ರೇಷ್ಮೆ ನೇಯುತ್ತಿದ್ದ ಜಾನ್ ಡಾಲಂಡ್ ಮಗನ ಕನ್ನಡಕದ ಅಂಗಡಿ ಸೇರಿದ್ದು 1752ರಲ್ಲಿ. ಮೊದಲು ನ್ಯೂಟನ್ ಪರವಾಗಿ ವಾದಿಸಿದ್ದ ಆತ ಕೊನೆಗೆ ತಾನೇ ಪ್ರಯೋಗ ಮಾಡಿ ಮನಸ್ಸು ಬದಲಿಸಿದ. ಬಾಸ್‌ನ ಮಾತೂ ಅವನ ಕಿವಿಗೆ ಬಿದ್ದಿತ್ತೆನ್ನುತ್ತಾರೆ. 1758ರಲ್ಲಿ ಪೇಟೆಂಟ್ ಡಾಲಂಡ್‌ನ ಹೆಸರಿಗಾಯಿತು.

ಅವನು 1761ರಲ್ಲಿ ತೀರಿಕೊಂಡ ಮೇಲೆ ಮಗ ಪೀಟರ್ ಇತರ ತಯಾರಕರನ್ನು ಕೋರ್ಟಿಗೆಳೆದ. ಲಂಡನ್ನಿನ ಕನ್ನಡಕದವರು ಪೇಟೆಂಟ್ ರದ್ದಾಗಲೆಂದು 1764ರಲ್ಲಿ ಮನವಿ ಕೊಟ್ಟರೂ ಫಲ ಸಿಗಲಿಲ್ಲ. ಹಾಲ್ ಮೊದಲಿಗನೆಂಬುದನ್ನು ನ್ಯಾಯಾಲಯವೂ ಒಪ್ಪಿತು. ಆದರೆ ಫಲ ಸಲ್ಲಬೇಕಾದದ್ದು ವಿದ್ಯೆಯನ್ನು ಮೇಜಿನ ಖಾನೆಯಲ್ಲಿಟ್ಟವನಿಗಲ್ಲ, ಜನರ ಕೈಗೆ ಕೊಟ್ಟವನಿಗೆ ಎಂದಿತು. ಈ ತರ್ಕ ಒಪ್ಪುವಂಥದೇ. ಆದರೆ ಗಾಜು ಉಜ್ಜಿದ ಬಾಸ್ ಯಾವ ಲೆಕ್ಕಕ್ಕೂ ಬರಲಿಲ್ಲ.

ಪಾಲು ಕೇಳಲು ಬಾರದ ಹಾಲ್ 1771ರಲ್ಲಿ ತೀರಿಕೊಂಡ. ಮರುವರ್ಷ ಪೇಟೆಂಟಿನ ಅವಧಿ ಮುಗಿದು ಎಲ್ಲರೂ ಈ ಮಸೂರ ಮಾಡುವಂತಾಯಿತು. ಇಂದಿನ ಅಗ್ಗದ ದೂರದರ್ಶಕದಲ್ಲೂ ಇರುವುದು ಇದೇ ಜೋಡಿ. ಎರಡು ಗಾಜು ಎರಡು ಬಣ್ಣಗಳನ್ನಷ್ಟೇ ಸರಿಯಾಗಿ ಕೂಡಿಸುತ್ತವೆ. ಚಂದ್ರನ ಅಂಚಿಗೆ ಉಳಿಯುವ ನೇರಳೆ ಅದರ ಶೇಷ. ಅದನ್ನೂ ತೊಡೆಯಬಲ್ಲ ವಿಶೇಷ ಗಾಜು ಇದೆ, ಬೆಲೆ ಮಾತ್ರ ಹಲವು ಪಟ್ಟು.