ಧಾರವಾಡದ ಶಾಲೆಯ ಬಾಗಿಲು

ಕ್ರಿ. ಶ. ೧೮೫೬ರ ಜೂನ್ ತಿಂಗಳಲ್ಲಿ ಮುಂಬಯಿ ಸರಕಾರಕ್ಕೆ ಒಂದು ದೂರು ಸಂದಿತು. ಶುಲ್ಕ ತೆರಲು ಸಿದ್ಧನಿದ್ದ ಮಹಾರ ಬಾಲಕನೊಬ್ಬನಿಗೆ ಧಾರವಾಡದ ಸರಕಾರಿ ಶಾಲೆಯವರು ಪ್ರವೇಶ ನಿರಾಕರಿಸಿದ್ದರು. ಕುಲವನ್ನರಸದ ಶರಣರ ನಾಡಿನಲ್ಲಿಯೇ ಇದು ಜರುಗಿತೆಂಬುದು ನಾವೆಲ್ಲರೂ ತಲೆತಗ್ಗಿಸಬೇಕಾದ ಸಂಗತಿ. ನ್ಯಾಯವು ಬಾಲಕನ ಪಕ್ಷದಲ್ಲಿದೆಯೆಂದು ಜುಲೈ ೨೧ರ ನಿರ್ಣಯದಲ್ಲಿ ಒಪ್ಪಿಕೊಂಡ ಸರಕಾರವು, ಒಬ್ಬನಿಗಾಗಿ ಬಾಗಿಲು ತೆರೆದರೆ ಉಳಿದವರು ಶಾಲೆಯನ್ನೇ ತೊರೆದಾರೆಂದು ಅಂಜಿ ಕೈಚೆಲ್ಲಿತು. ಒಪ್ಪಿಯೂ ನಡೆಸದ ಇಂಥ ನ್ಯಾಯಕ್ಕೆ ಏನೆನ್ನೋಣ! ಬಂಗಾಳದ ಯಾವ ಸರಕಾರಿ ಶಾಲೆಯಲ್ಲಿಯೂ ಈ ಬಾಲಕನಿಗೆ ಪ್ರವೇಶ ತಪ್ಪುತ್ತಿರಲಿಲ್ಲವೆಂದು ಭಾರತ ಸರಕಾರವು ೧೮೫೭ರ ಜನವರಿಯಲ್ಲಿ ತಿಳಿಸಿತು. ಸರಕಾರಿ ಶಾಲೆಗಳು ಸರ್ವವರ್ಗದವರಿಗೂ ತೆರೆದಿರತಕ್ಕವೆಂದು ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕ ಮಂಡಲಿಯು ಲಂಡನ್ನಿನಿಂದ ಬರೆದದ್ದು ೧೮೫೮ರ ಏಪ್ರಿಲ್ ೨೮ರಂದು. ಅಷ್ಟರಲ್ಲಿ ಬಾಲಕನ ಓದುವ ವಯಸ್ಸಿನಲ್ಲಿ ಎರಡು ವರುಷಗಳು ಸರಿದುಹೋಗಿದ್ದವು.