ಏರ್‌ಗನ್ ಗುರಿ ತಪ್ಪುತ್ತಿದೆಯೇ? ಸ್ಕೋಪ್ ಮುಟ್ಟುವ ಮುನ್ನ ಸ್ಕ್ರೂ ನೋಡಿ

ಪಣಜಿ: ಗೋವಾದಲ್ಲಿ ಮಳೆಗಾಲವೊಂದರಲ್ಲೇ ಸುಮಾರು 3000 ಮಿ.ಮೀ. ಮಳೆ ಸುರಿಯುತ್ತದೆ. ಜತೆಗೆ ಕಡಲಿನ ಉಪ್ಪುಗಾಳಿ. ಪೋಳೆಂ-ಮಾಜಾಳಿ ಇರಲಿ, ಮೊಲೆಂ-ಅನಮೋಡ ಇರಲಿ, ಗಡಿಯ ಎರಡೂ ಕಡೆ ತೇವದ ಕಾಟ ತಪ್ಪಿದ್ದಲ್ಲ. ಮೇ ತಿಂಗಳಲ್ಲಿ ನೆಟ್ಟಗೆ ಹೊಡೆಯುತ್ತಿದ್ದ ಏರ್‌ಗನ್ ಅಕ್ಟೋಬರ್‌ನಲ್ಲಿ ಎರಡು ಅಂಗುಲ ಪಕ್ಕಕ್ಕೆ ಹೊಡೆಯುತ್ತದೆ. ಆಗ ಹೆಚ್ಚಿನವರು ಮೊದಲು ಮಾಡುವ ಕೆಲಸ ಸ್ಕೋಪಿನ ಡಯಲ್ ತಿರುಗಿಸುವುದು. ಕೆಡುವುದೇ ಅಲ್ಲಿ. ಮೂಲ ಕಾರಣ ಹಾಗೇ ಉಳಿದರೆ ನಾಳೆ ಗುಂಡು ಮತ್ತೊಂದು ಕಡೆ ಬೀಳುತ್ತದೆ.

ಗೊತ್ತುಮಾಡಿದ ದೂರದಲ್ಲಿ ನೀವು ನೋಡಿದ ಜಾಗಕ್ಕೇ ಗುಂಡು ಬೀಳುವಂತೆ ಹೊಂದಿಸುವುದಕ್ಕೆ 'ಝೀರೋ' ಎನ್ನುತ್ತಾರೆ. ಅದು ತಪ್ಪಿದಾಗ ಈ ಕ್ರಮದಲ್ಲಿ ಪರೀಕ್ಷಿಸಿ.

1. ಸ್ಕ್ರೂಗಳು

ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವುದು ಸ್ಪ್ರಿಂಗ್ ಏರ್‌ಗನ್. ಕುದುರೆ ಎಳೆದಾಗ ಪಿಸ್ಟನ್ ಮುಂದಕ್ಕೆ ನುಗ್ಗುವುದರಿಂದ ಗನ್ ಮೊದಲು ಹಿಂದಕ್ಕೆ, ಮರುಕ್ಷಣವೇ ಮುಂದಕ್ಕೆ ಒದೆಯುತ್ತದೆ. ಈ ಎರಡು ಒದೆತಕ್ಕೆ ಸ್ಕ್ರೂಗಳು ಸಡಿಲಾಗುತ್ತವೆ. ಮರದ ಹಿಡಿ ಮಳೆಯಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುವುದೂ ಸೇರಿಕೊಳ್ಳುತ್ತದೆ. ಹಿಡಿಯ ಮುಂಭಾಗದ ಸ್ಕ್ರೂ, ಕುದುರೆ ಬಳಿಯ ಸ್ಕ್ರೂ, ಸ್ಕೋಪಿನ ಕ್ಲ್ಯಾಂಪ್, ನಳಿಗೆ ಮಡಚುವ ಕೀಲು, ನಾಲ್ಕನ್ನೂ ನೋಡಿ. ಹದವಾಗಿ ಬಿಗಿದ ಮೇಲೆ ಸ್ಕ್ರೂ ತಲೆಯಿಂದ ಪಕ್ಕದ ಲೋಹದವರೆಗೆ ನೇಲ್‌ಪಾಲಿಶ್‌ನ ಒಂದು ಗೆರೆ ಎಳೆದಿಡಿ. ಗೆರೆ ಮುರಿದಿದ್ದರೆ ಸ್ಕ್ರೂ ಸರಿದಿದೆ ಎಂದರ್ಥ.

2. ಗುಂಡುಗಳು

ಡಬ್ಬಿ ಬದಲಾದರೆ ಗುರಿಯೂ ಬದಲಾಗಬಹುದು. ತೂಕ, ಆಕಾರ ಒಂದೇ ಇರುವ ಪೆಲೆಟ್ ಬಳಸಿ. ಅಂಚು ಜಜ್ಜಿದ್ದನ್ನು ಬಿಸಾಡಿ. ಗುಂಡಿಲ್ಲದೆ ಖಾಲಿ ಹೊಡೆಯಬೇಡಿ. ಪಿಸ್ಟನ್ ನೇರ ಹೋಗಿ ಬಡಿದು ವಾಷರ್ ಹಾಳಾಗುತ್ತದೆ.

3. ಗಾಳಿ ಸೋರಿಕೆ ಮತ್ತು ಎಣ್ಣೆ

ನಳಿಗೆಯ ಕೀಲಿನ ಮೇಲೆ ತೆಳು ಕಾಗದದ ಚೂರು ಇಟ್ಟು, ಗುಂಡು ತುಂಬಿ ಹೊಡೆಯಿರಿ. ಕಾಗದ ಹಾರಿದರೆ ರಬ್ಬರ್ ರಿಂಗ್ ಸವೆದಿದೆ. ಗಾಳಿ ಒತ್ತುವ ಸಿಲಿಂಡರಿನೊಳಗೆ ಹೊಲಿಗೆ ಯಂತ್ರದ ಎಣ್ಣೆ ಹಾಕಲೇಬಾರದು. ಒತ್ತಡದ ಬಿಸಿಗೆ ಅದು ಡೀಸೆಲ್ ಎಂಜಿನ್ನಿನಂತೆ ಹೊತ್ತಿಕೊಂಡು ವೇಗ ಏರುಪೇರಾಗುತ್ತದೆ. ಹೊರಗಿನ ಲೋಹಕ್ಕೆ ಮಾತ್ರ ತೆಳುವಾಗಿ ಎಣ್ಣೆ ಒರೆಸಿ. ಮಳೆಗಾಲದಲ್ಲಿ ಸ್ಪಂಜಿನ ಚೀಲದೊಳಗೆ ಇಡಬೇಡಿ, ಅದು ತೇವ ಹಿಡಿದು ತುಕ್ಕು ತರಿಸುತ್ತದೆ.

4. ಹಿಡಿಯುವ ರೀತಿ

ಸ್ಪ್ರಿಂಗ್ ಗನ್ನನ್ನು ಬಿಗಿಯಾಗಿ ಅದುಮಿದರೆ, ಇಲ್ಲವೇ ಗೋಡೆಗೆ ಒರಗಿಸಿದರೆ ಗುಂಡು ಬೇರೆಡೆ ಹೋಗುತ್ತದೆ. ಮುಂಗೈ ಮೇಲೆ ಸಡಿಲವಾಗಿ ಇಟ್ಟು, ಪ್ರತಿ ಸಲವೂ ಅದೇ ಜಾಗದಲ್ಲಿ ಹಿಡಿಯಿರಿ.

ಝೀರೋ ಮಾಡುವುದು ಹೇಗೆ?

ಇಷ್ಟಾದ ಮೇಲೆ ಡಯಲ್ ಮುಟ್ಟಿ. 10 ಮೀಟರ್ ದೂರದಲ್ಲಿ ಕಾಗದ ಇಟ್ಟು ಐದು ಗುಂಡು ಹೊಡೆಯಿರಿ. ಒಂದೊಂದು ಗುಂಡಿಗೂ ಡಯಲ್ ತಿರುಗಿಸಬೇಡಿ, ಐದರ ನಡುಬಿಂದು ನೋಡಿ. ಕಾಲು ಮಿನಿಟ್ ಅಳತೆಯ ಸ್ಕೋಪಿನಲ್ಲಿ ಒಂದು ಕ್ಲಿಕ್ ಎಂದರೆ 10 ಮೀಟರಿಗೆ ಸುಮಾರು 0.7 ಮಿ.ಮೀ. ನಡುಬಿಂದು 14 ಮಿ.ಮೀ. ಎಡಕ್ಕಿದ್ದರೆ ಬಲಕ್ಕೆ 20 ಕ್ಲಿಕ್. ಸ್ಕೋಪ್ ಇಲ್ಲದಿದ್ದರೆ, ಗುಂಡು ಯಾವ ಕಡೆ ಹೋಗಬೇಕೋ ಹಿಂದಿನ ಸೈಟನ್ನು ಅದೇ ಕಡೆ ಸರಿಸಿ. ಐದೂ ಗುಂಡು ಚದುರಿ ಬಿದ್ದಿದ್ದರೆ ಮತ್ತೆ ಮೊದಲ ಹಂತಕ್ಕೆ ಹೋಗಿ, ಅದು ಡಯಲ್ ಸರಿಪಡಿಸುವ ದೋಷವಲ್ಲ.

ಸ್ಪರ್ಧೆಗೆ ತಯಾರಾಗುವ ಮಕ್ಕಳಿಗೆ ಇದು ಇನ್ನೂ ಮುಖ್ಯ. 10 ಮೀಟರ್ ಏರ್ ರೈಫಲ್ ಗುರಿಹಲಗೆಯಲ್ಲಿ ಹತ್ತು ಅಂಕದ ಚುಕ್ಕೆಯ ಅಗಲ ಬರೀ 0.5 ಮಿ.ಮೀ.! 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇದೇ ಸ್ಪರ್ಧೆಯಲ್ಲಿ.

ಎಚ್ಚರಿಕೆ

ಗುರಿಯ ಹಿಂದೆ ಚಿರೇಕಲ್ಲಿನ ಗೋಡೆ ಇರಬಾರದು. ಗುಂಡು ಪುಟಿದು ಬಂದರೆ ಕಣ್ಣು ಹೋಗಬಹುದು. ಹಳೆಬಟ್ಟೆ ಅಥವಾ ಮರಳು ತುಂಬಿದ ಪೆಟ್ಟಿಗೆ ಇಡಿ, ಕನ್ನಡಕ ಹಾಕಿ. ಪೆಲೆಟ್ ಸೀಸದ್ದು, ಮುಟ್ಟಿದ ಮೇಲೆ ಕೈ ತೊಳೆಯಿರಿ.

2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿ.ಮೀ. ಅಥವಾ 20 ಜೌಲ್ ಶಕ್ತಿ ಮೀರಿದ ಏರ್‌ಗನ್‌ಗೆ ಲೈಸೆನ್ಸ್ ಬೇಕು. ಲೈಸೆನ್ಸ್ ಬೇಡದ ಗನ್ ಎಂದ ಮಾತ್ರಕ್ಕೆ ಕಾಡುಪ್ರಾಣಿಗೆ ಹೊಡೆಯಬಹುದು ಎಂದಲ್ಲ. ತೆಂಗು, ಬಾಳೆ, ಗೇರು ಬೆಳೆದವರ ಸಂಕಟ ಎಲ್ಲರಿಗೂ ಗೊತ್ತು. ಆದರೆ ನವಿಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಗಡಿ ದಾಟಿದರೂ ಕಾಯ್ದೆ ಒಂದೇ. ಬೆಳೆ ಹಾನಿಯಾದರೆ ಅರಣ್ಯ ಇಲಾಖೆಗೆ ತಿಳಿಸಿ.

ಕೊನೆಯದಾಗಿ, ಒಂದು ಸಣ್ಣ ನೋಟ್‌ಬುಕ್ ಇಡಿ. ತಾರೀಕು, ಪೆಲೆಟ್ ಹೆಸರು, ದೂರ, ತಿರುಗಿಸಿದ ಕ್ಲಿಕ್ ಬರೆಯಿರಿ. ಮುಂದಿನ ಮಳೆಗಾಲ ಕಳೆದಾಗ ಏನು ಬದಲಾಗಿದೆ ಎಂಬುದನ್ನು ಆ ನೋಟ್‌ಬುಕ್ಕೇ ಹೇಳುತ್ತದೆ.