ಕುಟುಂಬದ ಕಾರು ಮತ್ತು ಸೀಟ್ ಬೆಲ್ಟ್: ವಿಕ್ಟೋರಿಯಾದ ಒಂದು ಚರಿತ್ರೆ



ವೆರಿಬೀಗೆ ಬಂದು ನೆಲೆಸುವ ಕನ್ನಡ ಕುಟುಂಬವು ಮನೆಗಿಂತ ಮೊದಲು ಕೊಳ್ಳುವುದು ಕಾರನ್ನು. ಶಾಲೆ, ಕಚೇರಿ, ದಿನಸಿ ಅಂಗಡಿ, ದೇವಸ್ಥಾನ ಯಾವುದೂ ನಡೆದು ಹೋಗುವ ದೂರದಲ್ಲಿಲ್ಲ. ಆದ್ದರಿಂದಲೇ ನಮ್ಮ ಯುಗಾದಿ, ರಾಜ್ಯೋತ್ಸವಗಳ ಊಟದ ಪಂಕ್ತಿಯಲ್ಲಿ ಸಾಹಿತ್ಯ, ರಾಜಕೀಯಗಳಷ್ಟೇ ಕಾರಿನ ಮಾತೂ ನಡೆಯುತ್ತದೆ. ಸರ್ವಿಸ್‌ಗೆ ಎಲ್ಲಿ ಕೊಡುತ್ತೀರಿ, ಈ ವರ್ಷ ರೆಜೋ ಎಷ್ಟು ಬಂತು, ಟೈರ್ ಯಾವಾಗ ಬದಲಿಸಬೇಕು, ಹಳೆಯ ಕಾರು ಕೊಂಡರೆ ಮೋಸ ಹೋಗುತ್ತೇವೆಯೇ? ವೈದ್ಯರಾದ ನಮ್ಮಲ್ಲಿ ಈ ಪ್ರಶ್ನೆಗಳಿಗೆ ವಿಶೇಷ ಉತ್ತರವಿಲ್ಲ. ಆದರೆ ಯಾರೂ ಕೇಳದ ಒಂದು ಭಾಗದ ವಿಷಯದಲ್ಲಿ ನಮಗೆ ಹೇಳುವುದಿದೆ. ಅದು ಸೀಟ್ ಬೆಲ್ಟ್. ಅದನ್ನು ಧರಿಸಲೇಬೇಕೆಂಬ ಕಾನೂನನ್ನು ಜಗತ್ತಿನಲ್ಲಿ ಮೊತ್ತಮೊದಲು ತಂದದ್ದು ನಾವು ಈಗ ಬಾಳುತ್ತಿರುವ ವಿಕ್ಟೋರಿಯಾ ರಾಜ್ಯವೇ.

ಪಟ್ಟಿ ಹುಟ್ಟಿದ ಬಗೆ

ಆರಂಭದ ಬೆಲ್ಟುಗಳು ಸೊಂಟವನ್ನಷ್ಟೇ ಹಿಡಿಯುತ್ತಿದ್ದವು. ಡಿಕ್ಕಿಯಾದಾಗ ಮೇಲ್ಭಾಗದ ದೇಹ ಮುಂದಕ್ಕೆ ಬಾಗಿ ತಲೆ ಬಡಿಯುತ್ತಿತ್ತು. ಹೊಟ್ಟೆಯೊಳಗಿನ ಅಂಗಗಳಿಗೂ ಪೆಟ್ಟಾಗುತ್ತಿತ್ತು. ಸ್ವೀಡನ್ನಿನ ವೋಲ್ವೋ ಸಂಸ್ಥೆಯ ಎಂಜಿನಿಯರ್ ನಿಲ್ಸ್ ಬೋಲಿನ್ 1959 ರಲ್ಲಿ ಇದಕ್ಕೆ ಪರಿಹಾರ ಕಂಡರು. ಯುದ್ಧವಿಮಾನಗಳಿಂದ ಚಾಲಕನನ್ನು ಹೊರಚಿಮ್ಮಿಸುವ ಆಸನಗಳ ವಿನ್ಯಾಸದಲ್ಲಿ ದುಡಿದಿದ್ದ ಅವರು, ಎದೆಯ ಮೇಲೊಂದು ಓರೆಪಟ್ಟಿ, ಸೊಂಟದ ಮೇಲೊಂದು ಅಡ್ಡಪಟ್ಟಿ ಸೇರಿ ಮೂರು ಕಡೆ ಬಿಗಿಯುವ ಬೆಲ್ಟನ್ನು ರೂಪಿಸಿದರು. ಒಂದೇ ಕೈಯಲ್ಲಿ ಹಾಕಿಕೊಳ್ಳಬಹುದಾದಷ್ಟು ಅದು ಸರಳವಾಗಿತ್ತು. ಇತರ ಕಾರು ತಯಾರಕರೂ ಅದನ್ನು ಬಳಸಿಕೊಳ್ಳಲು ವೋಲ್ವೋ ಅವಕಾಶ ಕೊಟ್ಟಿತು.

ಆಸ್ಟ್ರೇಲಿಯಾದಲ್ಲಿ ಬೆಲ್ಟಿನ ಬೆಲೆಯನ್ನು ಮೊದಲು ಅರಿತ ಸ್ಥಳಗಳಲ್ಲೊಂದು ಸ್ನೋಯಿ ಪರ್ವತಗಳ ಜಲವಿದ್ಯುತ್ ಯೋಜನೆ. 1949 ರಲ್ಲಿ ಆರಂಭವಾದ ಆ ಯೋಜನೆಯಲ್ಲಿ ಮೂವತ್ತಕ್ಕೂ ಹೆಚ್ಚು ದೇಶಗಳಿಂದ ಬಂದವರು ದುಡಿದರು. ಕಡಿದಾದ ಬೆಟ್ಟದ ದಾರಿಗಳಲ್ಲಿ ವಾಹನಗಳು ಉರುಳಿ ಜನ ಸಾಯುತ್ತಿದ್ದರು. ಮುಖ್ಯಸ್ಥ ಸರ್ ವಿಲಿಯಂ ಹಡ್ಸನ್ 1960 ರ ಸುಮಾರಿಗೆ ಯೋಜನೆಯ ವಾಹನಗಳಲ್ಲಿ ಬೆಲ್ಟ್ ಧಾರಣೆಯನ್ನು ಕಡ್ಡಾಯಗೊಳಿಸಿದರು. ಇತ್ತ ನಮ್ಮ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಏಳುತ್ತಿದ್ದ ಕಾಲವದು. ಅಂದರೆ ಈ ದೇಶದಲ್ಲಿ ಬೆಲ್ಟಿನ ಶಿಸ್ತನ್ನು ಮೊದಲು ಮೈಗೂಡಿಸಿಕೊಂಡವರಲ್ಲಿ ನಮ್ಮಂತೆಯೇ ಪರದೇಶದಿಂದ ಬಂದ ವಲಸಿಗರೂ ಇದ್ದರು.

1970: ಒಂದು ಸೇತುವೆ, ಒಂದು ಸಂಖ್ಯೆ

ವೆರಿಬೀಯಿಂದ ಮೆಲ್ಬರ್ನ್ ನಗರಕ್ಕೆ ಹೋಗುವವರೆಲ್ಲ ವೆಸ್ಟ್ ಗೇಟ್ ಸೇತುವೆಯನ್ನು ಬಲ್ಲರು. ನಿರ್ಮಾಣದ ಹಂತದಲ್ಲಿದ್ದಾಗ, 1970 ರ ಅಕ್ಟೋಬರ್ 15 ರಂದು ಅದರ ಒಂದು ಭಾಗ ಕುಸಿದು 35 ಮಂದಿ ಮೃತಪಟ್ಟರು. ರಾಜ್ಯವೇ ಮರುಗಿತು, ರಾಯಲ್ ಕಮಿಷನ್ ನೇಮಕವಾಯಿತು. ಅದು ನ್ಯಾಯವೇ. ಆದರೆ ಅದೇ ವರ್ಷ ವಿಕ್ಟೋರಿಯಾದ ರಸ್ತೆಗಳಲ್ಲಿ ಸತ್ತವರು 1,061 ಮಂದಿ. ಅವರು ಒಂದೇ ದಿನ ಸಾಯಲಿಲ್ಲ. ದಿನಕ್ಕೆ ಇಬ್ಬರು ಮೂವರಂತೆ ವರ್ಷವಿಡೀ ಸತ್ತರು. ಬಿಡಿಬಿಡಿಯಾದ ಸಾವು ಸುದ್ದಿಯಾಗುವುದಿಲ್ಲ. ರಸ್ತೆ ಅಪಘಾತವನ್ನು ವಿಧಿಯೆಂದು ಒಪ್ಪಿಕೊಂಡ ಸಮಾಜ ಆಗ ಇಲ್ಲಿಯೂ ಇತ್ತು.

ಆ ಮೌನವನ್ನು ಮುರಿದವರಲ್ಲಿ ಇಬ್ಬರು ಮುಖ್ಯರು: ಪತ್ರಿಕೆಯವರು ಮತ್ತು ಶಸ್ತ್ರಚಿಕಿತ್ಸಕರು. ಹಿಂದಿನ ವರ್ಷ, ಅಂದರೆ 1969 ರಲ್ಲಿ, ರಸ್ತೆಯಲ್ಲಿ ಸತ್ತವರು 1,034 ಮಂದಿ. ಮೆಲ್ಬರ್ನಿನ ‘ದಿ ಸನ್ ನ್ಯೂಸ್ ಪಿಕ್ಟೋರಿಯಲ್’ ಪತ್ರಿಕೆ ಆ ಸಂಖ್ಯೆಯ ಮೇಲೆಯೇ ಸಮರ ಸಾರಿ ದೊಡ್ಡ ಆಂದೋಲನ ನಡೆಸಿತು. ಇತ್ತ ಮೆಲ್ಬರ್ನಿನಲ್ಲಿಯೇ ಕೇಂದ್ರವಿರುವ ರಾಯಲ್ ಆಸ್ಟ್ರಲೇಷಿಯನ್ ಕಾಲೇಜ್ ಆಫ್ ಸರ್ಜನ್ಸ್ ಸಂಸ್ಥೆಯ ವೈದ್ಯರು, ಅವರಲ್ಲಿ ಗಾರ್ಡನ್ ಟ್ರಿಂಕಾ ಅವರಂಥವರು, ತಾವು ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಕಂಡದ್ದನ್ನು ಶಾಸಕರ ಮುಂದಿಟ್ಟು ವಾದಿಸಿದರು.

ಹೊಸ ಕಾರುಗಳಿಗೆ ಬೆಲ್ಟ್ ಅಳವಡಿಸುವ ನಿಯಮ 1969 ರಿಂದ ಹಂತಹಂತವಾಗಿ ಜಾರಿಗೆ ಬರುತ್ತಿತ್ತು. ಆದರೆ ಅಳವಡಿಸಿದ್ದನ್ನು ಧರಿಸುವವರು ಕಡಿಮೆ. ವಿರೋಧದ ವಾದಗಳೂ ಇದ್ದವು: ಬೆಂಕಿ ಹತ್ತಿದರೆ ಸಿಕ್ಕಿಕೊಳ್ಳುತ್ತೇವೆ, ನೀರಿಗೆ ಬಿದ್ದರೆ ಮುಳುಗುತ್ತೇವೆ, ನನ್ನ ಕಾರಿನೊಳಗೆ ನನಗೆ ಆಜ್ಞೆ ಮಾಡಲು ಸರ್ಕಾರ ಯಾರು? ಇವೆಲ್ಲವನ್ನೂ ಕೇಳಿದ ಮೇಲೂ ವಿಕ್ಟೋರಿಯಾದ ಸಂಸತ್ತು ಕಾನೂನನ್ನು ಅಂಗೀಕರಿಸಿತು. 1970 ರ ಡಿಸೆಂಬರ್ 22 ರಂದು ಅದು ಜಾರಿಗೆ ಬಂತು. ಮರುವರ್ಷ ರಸ್ತೆ ಸಾವುಗಳು 923 ಕ್ಕೆ ಇಳಿದವು. 1972 ರ ಆರಂಭದ ಹೊತ್ತಿಗೆ ಆಸ್ಟ್ರೇಲಿಯಾದ ಎಲ್ಲ ರಾಜ್ಯಗಳೂ ಇದೇ ದಾರಿ ಹಿಡಿದವು.

ಮುಂದೆ 1976 ರಲ್ಲಿ ರಸ್ತೆಬದಿಯ ಉಸಿರಾಟ ಪರೀಕ್ಷೆ, 1990 ರಲ್ಲಿ ಸೈಕಲ್ ಸವಾರರಿಗೆ ಹೆಲ್ಮೆಟ್, ವೇಗದ ಮೇಲಿನ ನಿಗಾ, ಏರ್‌ಬ್ಯಾಗ್, ಉತ್ತಮ ತುರ್ತುಚಿಕಿತ್ಸೆ ಇವೆಲ್ಲ ಸೇರಿಕೊಂಡವು. ಆಗ ಸುಮಾರು 34 ಲಕ್ಷವಿದ್ದ ರಾಜ್ಯದ ಜನಸಂಖ್ಯೆ ಇಂದು ಸುಮಾರು 70 ಲಕ್ಷ. ಆದರೂ ಈಚಿನ ವರ್ಷಗಳಲ್ಲಿ ಸಾವುಗಳ ಸಂಖ್ಯೆ 300 ಕ್ಕಿಂತ ಕೆಳಗಿದೆ. ಈ ಇಳಿಕೆಗೆ ಬೆಲ್ಟ್ ಒಂದೇ ಕಾರಣವಲ್ಲ. ಆದರೆ ಆ ದಾರಿಯಲ್ಲಿ ಇಟ್ಟ ಮೊದಲ ದೊಡ್ಡ ಹೆಜ್ಜೆ ಅದೇ.

ನಮ್ಮೂರಿನ ಕಾರು, ನಮ್ಮ ಅಭ್ಯಾಸ

ಇದೇ ಕಾಲದ ನಮ್ಮ ನೆನಪುಗಳು ಬೇರೆ. ನಮ್ಮ ತಲೆಮಾರಿನವರು ಬಾಲ್ಯದಲ್ಲಿ ಬಾಡಿಗೆಯ ಅಂಬಾಸಿಡರ್ ಕಾರಿನಲ್ಲಿ ಮದುವೆಗೆ, ಧರ್ಮಸ್ಥಳಕ್ಕೆ ಹೋದವರು. ಮುಂದಿನ ಉದ್ದ ಸೀಟಿನಲ್ಲಿ ಚಾಲಕನೊಂದಿಗೆ ಇಬ್ಬರು, ಹಿಂದೆ ನಾಲ್ವರು ಹಿರಿಯರು, ಅವರ ತೊಡೆಯ ಮೇಲೆ ಮಕ್ಕಳು. ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಅಜ್ಜಿಯ ಸೆರಗನ್ನು ಹಿಡಿದು ಕೂತದ್ದೇ ನಮ್ಮ ಬೆಲ್ಟ್. ಆ ಪ್ರಯಾಣಗಳಲ್ಲಿ ಪ್ರೀತಿಗೆ ಕೊರತೆಯಿರಲಿಲ್ಲ. ಭದ್ರತೆಯೂ ಇದೆ ಎಂದುಕೊಂಡಿದ್ದೆವು, ಅದಿರಲಿಲ್ಲ.

2022 ರ ಸೆಪ್ಟೆಂಬರ್ 4 ರಂದು ಮಹಾರಾಷ್ಟ್ರದ ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿಯವರು ಕಾರು ಅಪಘಾತದಲ್ಲಿ ತೀರಿಕೊಂಡದ್ದು ಅನೇಕರಿಗೆ ನೆನಪಿರಬಹುದು. ದುಬಾರಿ ಕಾರು, ಆದರೆ ಹಿಂದಿನ ಆಸನದಲ್ಲಿದ್ದ ಇಬ್ಬರೂ ಬೆಲ್ಟ್ ಧರಿಸಿರಲಿಲ್ಲವೆಂದು ಪೊಲೀಸರು ತಿಳಿಸಿದರು. ಆ ಇಬ್ಬರೂ ಮಡಿದರು, ಮುಂದಿದ್ದ ಇಬ್ಬರು ಗಾಯಗೊಂಡು ಉಳಿದರು. ಹಿಂದಿನ ಸೀಟು ಸುರಕ್ಷಿತ, ಅಲ್ಲಿ ಬೆಲ್ಟ್ ಬೇಡ ಎಂಬ ನಮ್ಮ ನಂಬಿಕೆಗೆ ಆಧಾರವಿಲ್ಲ.

ಇದನ್ನೆಲ್ಲ ಬಲ್ಲ ನಾವೂ ಒಮ್ಮೆ ಎಡವಿದ್ದೇವೆ. ನಮ್ಮ ತಾಯಿಯವರು ಮೊದಲ ಬಾರಿ ಇಲ್ಲಿಗೆ ಬಂದಾಗ, ಟಲ್ಲಮರೀನ್ ವಿಮಾನ ನಿಲ್ದಾಣದಲ್ಲಿ ಮೊಮ್ಮಗನನ್ನು ಎತ್ತಿಕೊಂಡವರು ಕೆಳಗಿಳಿಸಲೇ ಇಲ್ಲ. ಬೆಲ್ಟ್ ಹಾಕಿಕೊಳ್ಳಿ ಎಂದರೆ, “ನಾನೇನು ಓಡಿ ಹೋಗ್ತೀನೇನಪ್ಪಾ, ಕರು ಕಟ್ಟಿದ ಹಾಗೆ ಕಟ್ಟೋದಕ್ಕೆ? ಮಗು ನನ್ನ ತೊಡೆ ಮೇಲೇ ಇರಲಿ” ಎಂದರು. ಎರಡು ವರ್ಷದ ಮೇಲೆ ಕಂಡ ತಾಯಿ. ಎದುರಾಡಲು ಬಾಯಿ ಬರಲಿಲ್ಲ. ಕಾರನ್ನು ಚಾಲೂ ಮಾಡಿ ನಿಲುಗಡೆಯ ಗೇಟಿನವರೆಗೂ ಬಂದೆವು. ಅಲ್ಲಿ ಮನಸ್ಸು ಒಪ್ಪದೆ ಪಕ್ಕಕ್ಕೆ ನಿಲ್ಲಿಸಿ, “ಅಮ್ಮಾ, ಆಸ್ಪತ್ರೆಯಲ್ಲಿ ನಾನು ಏನೇನು ನೋಡಿದ್ದೀನೋ ನಿಮಗೆ ಹೇಳಲಾರೆ. ಇದೊಂದು ಮಾತು ನಡೆಸಿಕೊಡಿ” ಎಂದೆವು. ಅವರು ಸುಮ್ಮನೆ ಮಗುವನ್ನು ಅದರ ಸೀಟಿನಲ್ಲಿ ಕೂರಿಸಿದರು. ಮನೆ ತಲುಪುವವರೆಗೂ ಅದರ ಕೈ ಹಿಡಿದುಕೊಂಡಿದ್ದರು.

ಒಂದು ಲೆಕ್ಕ ಹೇಳುತ್ತೇವೆ. ಗಂಟೆಗೆ 60 ಕಿಲೋಮೀಟರ್ ವೇಗದ ಡಿಕ್ಕಿಯೆಂದರೆ ಸುಮಾರು 14 ಮೀಟರ್ ಎತ್ತರದಿಂದ, ಅಂದರೆ ನಾಲ್ಕು ಅಂತಸ್ತಿನ ಕಟ್ಟಡದಿಂದ, ಬಿದ್ದುದಕ್ಕೆ ಸಮ. 50 ಕಿಲೋಮೀಟರ್ ವೇಗದ ಕಾರು ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ನಿಂತರೆ, ಹತ್ತು ಕಿಲೋ ತೂಕದ ಮಗುವನ್ನು ತಡೆಯಲು ಸುಮಾರು 140 ಕಿಲೋ ಎತ್ತುವಷ್ಟು ಬಲ ಬೇಕು. ಯಾವ ಅಜ್ಜಿಯ, ಯಾವ ಪೈಲ್ವಾನನ ತೋಳಿಗೂ ಅದು ಅಸಾಧ್ಯ.

ದಿನನಿತ್ಯದ ಕೆಲವು ಪ್ರಶ್ನೆಗಳು

ಹಳೆಯ ಕಾರು ಕೊಳ್ಳುವಾಗ ಏನು ನೋಡಬೇಕು? ಎಂಜಿನ್ ನೋಡುವಂತೆಯೇ ಪ್ರತಿ ಬೆಲ್ಟನ್ನೂ ಪೂರ್ತಿ ಹೊರಗೆಳೆದು ನೋಡಿರಿ. ಅಂಚು ಹರಿದಿರಬಾರದು, ಬಿಟ್ಟರೆ ತಾನಾಗಿ ಸುತ್ತಿಕೊಳ್ಳಬೇಕು, ಥಟ್ಟನೆ ಜಗ್ಗಿದರೆ ಬಿಗಿಯಬೇಕು. ವಿಕ್ಟೋರಿಯಾದಲ್ಲಿ ಕಾರಿನ ವರ್ಗಾವಣೆಗೆ ಬೇಕಾದ ರೋಡ್‌ವರ್ದಿ ಪ್ರಮಾಣಪತ್ರದ ಪರಿಶೀಲನೆಯಲ್ಲಿ ಬೆಲ್ಟುಗಳೂ ಸೇರಿವೆ.

ಏರ್‌ಬ್ಯಾಗಿನ ದೀಪ ಉರಿಯುತ್ತಿದ್ದರೆ? ಮುಂದಿನ ಸರ್ವಿಸ್‌ವರೆಗೆ ಕಾಯಬೇಡಿರಿ. ಡಿಕ್ಕಿಯ ಕ್ಷಣದಲ್ಲಿ ಬೆಲ್ಟನ್ನು ಬಿಗಿಯುವ ಸಾಧನವೂ ಸಾಮಾನ್ಯವಾಗಿ ಅದೇ ವ್ಯವಸ್ಥೆಗೆ ಸೇರಿದೆ. ಅಪಘಾತವಾದ ಕಾರಿನ ಬೆಲ್ಟುಗಳನ್ನೂ ಮಕ್ಕಳ ಸೀಟನ್ನೂ ತಜ್ಞರಿಗೆ ತೋರಿಸದೆ ಮತ್ತೆ ಬಳಸಬಾರದು.

ಮಕ್ಕಳಿಗೆ? 2009 ರ ನವೆಂಬರಿನಿಂದ ಇಲ್ಲಿನ ಕಾನೂನು ಸ್ಪಷ್ಟವಾಗಿದೆ: ಆರು ತಿಂಗಳವರೆಗೆ ಹಿಮ್ಮುಖದ ಸೀಟು, ನಾಲ್ಕು ವರ್ಷದವರೆಗೆ ಪಟ್ಟಿಗಳಿರುವ ಹಿಮ್ಮುಖ ಅಥವಾ ಮುಮ್ಮುಖದ ಸೀಟು, ಏಳು ವರ್ಷದವರೆಗೆ ಅಂಥದೇ ಸೀಟು ಅಥವಾ ಬೂಸ್ಟರ್. ಇದು ಕನಿಷ್ಠ ಮಾತ್ರ. ಮಗು ಆ ಸೀಟಿಗೆ ಹಿಡಿಸುವಷ್ಟು ಕಾಲ ಅದರಲ್ಲೇ ಇರುವುದು ಲೇಸು. ಹದಿನಾರು ವರ್ಷದೊಳಗಿನವರ ಬೆಲ್ಟಿನ ಹೊಣೆ ಚಾಲಕರದು.

ಗರ್ಭಿಣಿಯರು ಧರಿಸಬಹುದೇ? ಧರಿಸಲೇಬೇಕು. ಅಡ್ಡಪಟ್ಟಿ ಹೊಟ್ಟೆಯ ಕೆಳಗೆ, ಸೊಂಟದ ಮೂಳೆಗಳ ಮೇಲಿರಲಿ. ಓರೆಪಟ್ಟಿ ಎದೆಯ ನಡುವೆ ಹಾದು ಹೊಟ್ಟೆಯ ಪಕ್ಕಕ್ಕೆ ಇಳಿಯಲಿ. ಹಿರಿಯರು ದಪ್ಪ ಜಾಕೆಟ್, ಶಾಲುಗಳ ಮೇಲೆ ಬೆಲ್ಟ್ ಹಾಕಿದರೆ ಅದು ಸಡಿಲವಾಗಿಯೇ ಉಳಿಯುತ್ತದೆ. ಜಾಕೆಟ್ ತೆರೆದು, ಬೆಲ್ಟನ್ನು ಮೈಗೆ ಹತ್ತಿರವಾಗಿ ಹಾಕಿ, ಮೇಲೆ ಶಾಲು ಹೊದಿಸಿರಿ.

ಐದು ಸೀಟಿನ ಕಾರಿನಲ್ಲಿ ಆರನೆಯವರು? ಈ ಪ್ರಶ್ನೆ ಹಬ್ಬದ ದಿನ ಹುಟ್ಟುತ್ತದೆ. ಉತ್ತರ ಒಂದೇ: ಎರಡು ಕಾರು ತೆಗೆಯಿರಿ, ಇಲ್ಲವೇ ನೆರೆಯ ಸದಸ್ಯರನ್ನು ಕೇಳಿರಿ. ಸಂಘವಿರುವುದು ಅದಕ್ಕೂ ಹೌದು.

ಬೇಸಿಗೆಯ ರಜೆಗೆ ಊರಿನಿಂದ ತಂದೆತಾಯಿಯರು ಬರುವ ಕಾಲ ಹತ್ತಿರವಾಗುತ್ತಿದೆ. ಅವರಿಗೆ ಸಿದ್ಧತೆ ಮಾಡುವಾಗ ಹಿಂದಿನ ಸೀಟಿನ ಬೆಲ್ಟುಗಳನ್ನೂ ಒಮ್ಮೆ ಎಳೆದು ನೋಡಿರಿ. ಹಿರಿಯರು ಬೇಡವೆಂದರೆ, ಗೌರವದಿಂದಲೇ, ಆದರೆ ಕಾರು ಹೊರಡುವ ಮುನ್ನವೇ, ಮತ್ತೊಮ್ಮೆ ಕೇಳಿಕೊಳ್ಳಿರಿ. ನಿಮ್ಮೆಲ್ಲರ ಪ್ರಯಾಣಗಳು ಸುಖಕರವಾಗಿರಲಿ.